ಎರಡನೇ ನಂಬರು

ಒಟ್ಟು ಐದು ವಿಶ್ವವಿದ್ಯಾಲಯಗಳಿಗೆ ಎಂಎಸ್ಸಿ ರಸಾಯನಶಾಸ್ತ್ರಕ್ಕೆ ಅರ್ಜಿ ಹಾಕಿದ್ದೆ. ಮೇ ತಿಂಗಳು ಶುರುವಾಗುವ ಹೊತ್ತಿಗೆ ಮೂರು ಕಡೆಯಿಂದ ಇಲ್ಲ ಎಂದು ಬಂದಿತ್ತು. ನಾಲ್ಕನೆಯವರು ಹೌದು ಎನ್ನದೆ, ಇಲ್ಲ ಎಂದೂ ಅನ್ನದೆ ಬಾಯಿ ಹೊಲಿದುಕೊಂಡು ಕೂತಿದ್ದರು. ಉಳಿದದ್ದು ಒಂದು. ಅದು ಉತ್ತರದಲ್ಲಿ, ನಮ್ಮ ಕಾಪುವಿನಿಂದ ರೈಲಿನಲ್ಲಿ ಎರಡು ದಿನದ ದಾರಿ. ನನಗೆ ಬೇಕಾಗಿದ್ದದ್ದೂ ಅದೇ. ಅಲ್ಲಿ ಹಾಸ್ಟೆಲು ಉಂಟು, ಸ್ಕಾಲರ್‌ಶಿಪ್ಪು ಉಂಟು, ನನ್ನ ಕಾಲೇಜಿನಲ್ಲಿ ಬರೀ ಪುಸ್ತಕದ ಚಿತ್ರದಲ್ಲಿ ನೋಡಿದ ಯಂತ್ರಗಳೆಲ್ಲ ಅಲ್ಲಿ ನಿಜವಾಗಿ ಉಂಟು. ಸಿಕ್ಕರೆ ಓದು. ಸಿಗದಿದ್ದರೆ ಆಗಲೇ ಕೆಲಸಕ್ಕೆ ಸೇರಿದ್ದ ಮಣಿಪಾಲದ ನೀರಿನ ಲ್ಯಾಬೇ, ಅದರ ನಂತರ ನನ್ನ ಅತ್ತೆಯಂದಿರೆಲ್ಲ ಸೇರಿ ಹುಡುಕಿಡುವ ಒಬ್ಬ ಗಂಡ.

ನೀರಿನ ಲ್ಯಾಬು ಎಂದರೆ ಜನ ಬಾಟಲಿಯಲ್ಲಿ ತಂದ ಬಾವಿ ನೀರನ್ನು ಪರೀಕ್ಷೆ ಮಾಡುವ ಜಾಗ. ಉಪ್ಪು ಎಷ್ಟು, ಗಡಸು ಎಷ್ಟು, ಕಬ್ಬಿಣ ಎಷ್ಟು. ನನ್ನ ಕೆಲಸ ಬ್ಯುರೆಟ್ಟಿನಿಂದ ಹನಿ ಹನಿ ಬಿಡುವುದು, ಕೆಂಪು ಇದ್ದದ್ದು ನೀಲಿಯಾದ ಕೂಡಲೇ ನಲ್ಲಿ ತಿರುಗಿಸಿ ಅಳತೆ ಬರೆಯುವುದು. ದಿನಕ್ಕೆ ಮೂವತ್ತು ಬಾಟಲಿ. ಫೋನು ಒಳಗೆ ತರುವಂತಿಲ್ಲ. ನಾನು ಸೇರುವ ಮೊದಲು ಯಾರೋ ಪುಣ್ಯಾತ್ಮ ಆಸಿಡ್ ಬೀಕರಿಗೆ ಫೋನು ಬೀಳಿಸಿದ್ದನಂತೆ, ಅಂದಿನಿಂದ ಎಲ್ಲರ ಫೋನೂ ಬಾಗಿಲ ಹೊರಗಿನ ಡ್ರಾಯರಿನಲ್ಲಿ.

ಏಪ್ರಿಲ್ ಪೂರ್ತಿ ನಾನು ಊಟಕ್ಕೆ ಬಿಟ್ಟಾಗ, ಚಹಾಕ್ಕೆ ಬಿಟ್ಟಾಗ, ಬಸ್ಸು ಕಾಯುವಾಗ ಫೋನು ತೆಗೆದು ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡಿದೆ. 'ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.' ಬೆಳಿಗ್ಗೆಯೂ ಪರಿಶೀಲನೆ, ಸಂಜೆಯೂ ಪರಿಶೀಲನೆ. ಎರಡು ಪುಟದ ಒಂದು ಅರ್ಜಿಯಲ್ಲಿ ಇಷ್ಟೊಂದು ಎಂತ ಪರಿಶೀಲಿಸುತ್ತಾರೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲು ಎದೆ ಡವಡವ ಅನ್ನುತ್ತಿತ್ತು. ಆಮೇಲೆ ಸಿಟ್ಟು ಬರುತ್ತಿತ್ತು. ಆಮೇಲೆ ಎರಡೂ ನಿಂತವು. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ತಿಳಿಯುವುದಿಲ್ಲ, ಹಾಗೆ ಆಗಿತ್ತು ನನಗೆ. ಅನ್ನ ಉಣ್ಣುತ್ತಿದ್ದೆ, ನಿದ್ದೆ ಮಾಡುತ್ತಿದ್ದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ. ಅಮ್ಮ ಮಾಡಿದ ಮೀನು ಸಾರಿಗೆ ಉಪ್ಪು ಹಾಕಿಲ್ಲವೆಂದು ಅಣ್ಣ ಬೊಬ್ಬೆ ಹಾಕಿದ ಮೇಲೆ ನನಗೆ ಗೊತ್ತಾಯಿತು, ಅಷ್ಟರಲ್ಲಿ ನನ್ನ ಬಟ್ಟಲು ಖಾಲಿಯಾಗಿತ್ತು.

ಲ್ಯಾಬಿನಲ್ಲಿ ನನ್ನ ಪಕ್ಕದ ಟೇಬಲ್ಲಿನವಳು ಝೀಟಾ. ಶಿರ್ವದವಳು, ನನಗಿಂತ ಆರು ವರ್ಷ ದೊಡ್ಡವಳು, ನೇರ ಮಾತು.

"ನೀನು ದಿನಕ್ಕೆ ಹತ್ತು ಸಲ ನೋಡಿದ್ರೆ ಅದು ಬೇಗ ಬರ್ತದಾ ಮಾರಾಯ್ತಿ?" ಎಂದಳು ಒಂದು ದಿನ. "ಶನಿವಾರ ಒಂದು ಸಲ ನೋಡು, ಸಾಕು. ಉಳಿದ ದಿನ ಮುಟ್ಟಬೇಡ. ನಿನ್ನ ಮೋರೆ ನೋಡಿದ್ರೆ ಬಾಟಲಿ ತಂದ ಜನ ಹೆದರ್ತಾರೆ, ಅವರ ಬಾವಿಯಲ್ಲಿ ವಿಷ ಉಂಟು ಅಂತ ಗ್ರಹಿಸ್ತಾರೆ."

ನನಗೂ ಸಾಕಾಗಿತ್ತು. ಇಮೇಲ್ ಬಂದಾಗ ಆಗುವ ಟಿಣ್ ಸದ್ದನ್ನು ತೆಗೆದು ಹಾಕಿದೆ. ಶನಿವಾರಕ್ಕೆ ಒಂದು ಸಲ ಎಂದು ಗಟ್ಟಿ ಮಾಡಿಕೊಂಡೆ. ಹಾಗೆ ಮಾಡಿದ್ದಕ್ಕೆ ನಿಜವಾಗಿ ಸ್ವಲ್ಪ ಹಗುರವೂ ಆಯಿತು.

ಮೇ ತಿಂಗಳ ಮೂರನೇ ಶನಿವಾರ ಲ್ಯಾಬು ಮುಗಿಸಿ ಮಣಿಪಾಲದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಫೋನು ತೆಗೆದು ನೋಡಿದೆ. ಪರಿಶೀಲನೆ ಎಂಬ ಮಾತು ಇರಲಿಲ್ಲ. ಅದರ ಜಾಗದಲ್ಲಿ ಮೂರು ಸಾಲು. ಸೋಮವಾರ: ನಿಮಗೆ ಸೀಟು ನೀಡಲಾಗಿದೆ, ಗುರುವಾರ ಮಧ್ಯಾಹ್ನದೊಳಗೆ ಒಪ್ಪಿಗೆ ತಿಳಿಸಿ. ಗುರುವಾರ: ಒಪ್ಪಿಗೆ ಬಂದಿಲ್ಲ. ಗುರುವಾರ ಸಂಜೆ: ಅಭ್ಯರ್ಥಿಯ ಮನೆಯವರು ಸೀಟು ಬೇಡವೆಂದು ಫೋನಿನಲ್ಲಿ ತಿಳಿಸಿದ್ದಾರೆ, ಸೀಟು ರದ್ದಾಗಿದೆ.

ಸೀಟು ಸಿಕ್ಕಿದ್ದೂ ಹೋದದ್ದೂ ಒಂದೇ ಸಲಕ್ಕೆ ಓದಿದೆ. ಉಡುಪಿ ಬಸ್ ನಿಲ್ದಾಣದಲ್ಲಿ ಇಳಿದು ಕಾಪುವಿನ ಬಸ್ಸಿಗೆ ಹತ್ತಿದೆ, ಕಂಡಕ್ಟರನಿಗೆ ಸರಿಯಾಗಿ ಟಿಕೆಟ್ ಕೇಳಿದೆ. ಏನೂ ಅನ್ನಿಸಲಿಲ್ಲ. ಇಮೇಲ್ ಪೆಟ್ಟಿಗೆ ತೆರೆದರೆ ಸೋಮವಾರದ ಪತ್ರ ಅಲ್ಲೇ ತೆಪ್ಪಗೆ ಕೂತಿತ್ತು. ಗುರುವಾರ ಮಧ್ಯಾಹ್ನದ ಮೇಲೆ ಯಾವುದೋ ಲ್ಯಾಂಡ್‌ಲೈನಿನಿಂದ ಎರಡು ಮಿಸ್ಡ್ ಕಾಲ್. ಅದನ್ನು ಗುರುವಾರವೇ ನೋಡಿದ್ದೆ. ಇನ್ಶೂರೆನ್ಸ್ ಮಾರುವವರು ಎಂದು ಬಿಟ್ಟಿದ್ದೆ.

ನಾನು ಎತ್ತಲಿಲ್ಲ. ಹಾಗಾದರೆ ಬೇಡ ಎಂದು ಹೇಳಿದ್ದು ಯಾರು?

ಅರ್ಜಿಯಲ್ಲಿ ಎರಡನೇ ಫೋನ್ ನಂಬರು ಎಂಬ ಖಾನೆ ಇತ್ತು, ಖಾಲಿ ಬಿಟ್ಟರೆ ಮುಂದಿನ ಪುಟಕ್ಕೆ ಹೋಗಲು ಬಿಡುತ್ತಿರಲಿಲ್ಲ. ಅಪ್ಪ ಚಂದು ಮಲ್ಪೆಯಿಂದ ಬೋಟಿಗೆ ಹೋಗುವವರು, ಒಮ್ಮೆ ಹೋದರೆ ಹತ್ತು ದಿನ ಕಡಲಲ್ಲಿ, ನೆಟ್‌ವರ್ಕು ಇಲ್ಲ. ಅಣ್ಣ ಮನೀಶ್ ಪಡುಬಿದ್ರಿಯಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನೆ, ಅಂಗಿ ಬದಲಿಸಿದ ಹಾಗೆ ಸಿಮ್ ಬದಲಿಸುತ್ತಾನೆ. ಹಾಗಾಗಿ ಅಮ್ಮನ ನಂಬರು ಬರೆದಿದ್ದೆ.

ಅಮ್ಮ ನಳಿನಾಕ್ಷಿ ಕಾಪು ಮಾರುಕಟ್ಟೆಯಲ್ಲಿ ಮೀನು ಮಾರುತ್ತಾಳೆ. ತುಳು ಅವಳ ಭಾಷೆ, ಕನ್ನಡ ಬರುತ್ತದೆ, ಕೊಂಕಣಿ ಮತ್ತು ಬ್ಯಾರಿ ಭಾಷೆ ಮೀನಿನ ದರದ ಚರ್ಚೆಗೆ ಬೇಕಾದಷ್ಟು ಬರುತ್ತದೆ. ಹಿಂದಿ ಸುತಾರಾಂ ಬರುವುದಿಲ್ಲ. ನಾವು ಮನೆಯಲ್ಲಿ ಆಡುವುದೆಲ್ಲ ತುಳು, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಒಂದೇ ಒಂದು ಮಾತು ಬಿಟ್ಟು.

ಸಂಜೆ ಅಮ್ಮ ಹಿತ್ತಲಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ನಾನು ಏನೂ ಆಗದವಳ ಹಾಗೆ ಕೇಳಿದೆ.

"ಅಮ್ಮ, ಗುರುವಾರ ನಿನಗೆ ಯಾರಾದ್ರೂ ಫೋನ್ ಮಾಡಿದ್ರಾ?"

"ಹ್ಞಾಂ, ಮಾಡಿದ್ದ ಒಬ್ಬ ಹಿಂದಿಯವ." ಅಮ್ಮನ ಮುಖದಲ್ಲಿ ದೊಡ್ಡ ಕಳ್ಳನನ್ನು ಹಿಡಿದುಕೊಟ್ಟ ಸಂತೋಷ. "ನಿನ್ನ ಹೆಸರು ಬೇರೆ ಹೇಳ್ತಾನೆ ಬೇವರ್ಸಿ! ಶ್ರೇಯಾ, ಶ್ರೇಯಾ ಅಂತ. ಇವರಿಗೆ ಹೆಸರೆಲ್ಲ ಎಲ್ಲಿಂದ ಸಿಗ್ತದೆ ಅಲ್ವಾ? ನಾನು ಇಜ್ಜಿ ಅಂದೆ. ಪುನಃ ಎಂತದೋ ಕೇಳಿದ. ಇಜ್ಜಿ ಅಂತ ಜೋರು ಮಾಡಿ ಇಟ್ಟೆ. ಮನೀಶ ಹೇಳಿಕೊಟ್ಟ ಹಾಗೇ."

ಇಜ್ಜಿ ಎಂದರೆ ತುಳುವಿನಲ್ಲಿ ಇಲ್ಲ. ನಮ್ಮ ಓಣಿಯ ಒಬ್ಬರು ಹಿಂದಿಯಲ್ಲಿ ಮಾತಾಡಿದವನಿಗೆ ಒಟಿಪಿ ಹೇಳಿ ಬ್ಯಾಂಕಿನಲ್ಲಿದ್ದದ್ದನ್ನೆಲ್ಲ ಕಳೆದುಕೊಂಡ ಮೇಲೆ ಅಣ್ಣ ಅಮ್ಮನಿಗೆ ಪಾಠ ಮಾಡಿದ್ದ. ಹಿಂದಿ ಕೇಳಿದ ಕೂಡಲೇ ಇಜ್ಜಿ ಅನ್ನು, ಇಡು. ಬೇರೆ ಒಂದಕ್ಷರ ಆಡಬೇಡ. ಅಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು.

"ಒಳ್ಳೇದಾಯ್ತು" ಎಂದೆ ನಾನು.

ಆದರೂ ನನಗೆ ಅರ್ಥವಾಗಲಿಲ್ಲ. ಇಲ್ಲ ಎಂಬುದು ಎಂತದಕ್ಕೆ ಇಲ್ಲ? ತುಳು ತಿಳಿಯದ ಮನುಷ್ಯ ಅದರಿಂದ ಸೀಟು ಬೇಡ ಎಂದು ಹೇಗೆ ತಿಳಿದುಕೊಂಡ?

ಸೋಮವಾರ ರಜೆ ಹಾಕಿ ಕಾರ್ಕಳಕ್ಕೆ ಹೋದೆ. ಬಿಎಸ್ಸಿಯಲ್ಲಿ ನನಗೆ ಪಾಠ ಮಾಡಿದ ಗುಣಪಾಲ ಸರ್ ಅಲ್ಲಿದ್ದಾರೆ. ಐದೂ ಅರ್ಜಿಗೆ ಶಿಫಾರಸು ಪತ್ರ ಬರೆದವರು ಅವರೇ. ತಾವೂ ಉತ್ತರದಲ್ಲಿ ಐದು ವರ್ಷ ಓದಿ ಬಂದವರು, ಹಿಂದಿ ನೀರು ಕುಡಿದಷ್ಟು ಸುಲಭ. ನಾನು ನಡೆದದ್ದನ್ನೆಲ್ಲ ಹೇಳಿದೆ. ನಾಲ್ಕು ದಿನ ವೆಬ್‌ಸೈಟ್ ನೋಡಲಿಲ್ಲ ಎಂಬುದನ್ನು ಹೇಳುವಾಗ ಮಾತ್ರ ಸ್ವರ ಸಣ್ಣದಾಯಿತು. ಅವರು ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಪ್ರವೇಶ ಕಚೇರಿಯ ನಂಬರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

ಆ ಕಡೆಯ ಗುಮಾಸ್ತ ಒಳ್ಳೆಯ ಮನುಷ್ಯ, ಅದೇ ನನ್ನ ಹೊಟ್ಟೆ ಉರಿಸಿದ್ದು. ನೆನಪಿಟ್ಟುಕೊಂಡಿದ್ದ. ಸರ್ ಅವನ ಮಾತನ್ನು ಕೇಳಿ ಕೇಳಿ ನನಗೆ ಹೇಳಿದರು. ಒಪ್ಪಿಗೆ ಬಾರದವರಿಗೆಲ್ಲ ಅವನೇ ಫೋನು ಮಾಡುತ್ತಾನಂತೆ, ಪಾಪ ಮಕ್ಕಳು ಮರೆತಿರುತ್ತಾರೆ ಎಂದು. ಬೇಕು ಎಂದವರಿಗೆ ಇನ್ನೂ ಎರಡು ದಿನ ಕೊಡುತ್ತಾನಂತೆ. ನನ್ನ ನಂಬರಿಗೆ ಎರಡು ಸಲ ಮಾಡಿ, ಮತ್ತೆ ಎರಡನೇ ನಂಬರಿಗೆ ಮಾಡಿದ. ಒಬ್ಬರು ತಾಯಿ ಎತ್ತಿದರು. ಶ್ರೇಯಾ ಒಪ್ಪಿಗೆ ಕೊಟ್ಟಿಲ್ಲ, ಸೀಟು ರದ್ದು ಮಾಡಲೇ ಎಂದು ಕೇಳಿದ. ಅವರು 'ಜೀ' ಎಂದರು. ಖಂಡಿತವೇ ಎಂದು ಕೇಳಿದ. ಇನ್ನೂ ಜೋರಾಗಿ 'ಜೀ' ಎಂದು ಫೋನು ಇಟ್ಟರು.

ಗುಣಪಾಲ ಸರ್ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿ, ನನ್ನನ್ನು ನೋಡಿ ತಟ್ಟನೆ ನಿಲ್ಲಿಸಿದರು.

"ನಿನ್ನ ಅಮ್ಮ ಇಜ್ಜಿ ಅಂದದ್ದು ಅವನಿಗೆ ಜೀ ಅಂತ ಕೇಳಿದೆ ಶ್ರೇಯಾ. ಹಿಂದಿಯಲ್ಲಿ ಜೀ ಅಂದ್ರೆ ಹೌದು."

ಅವರು ಗುಮಾಸ್ತನಿಗೂ ಬಿಡಿಸಿ ಹೇಳಿದರು. ಅವನು ಅಯ್ಯೋ ಅಯ್ಯೋ ಎಂದ. ಆ ಸೀಟನ್ನು ಆಗಲೇ ಕಾಯುವ ಪಟ್ಟಿಯ ಮುಂದಿನವರಿಗೆ ಕೊಟ್ಟಾಗಿತ್ತು. ಅರ್ಜಿ ಬರೆದು ಕಳಿಸಿ, ಯಾರಾದರೂ ಬಿಟ್ಟರೆ ನೋಡುವ, ಜೂನ್ ಇಪ್ಪತ್ತರೊಳಗೆ ತಿಳಿಸುತ್ತೇವೆ ಎಂದ. ಸರ್ ಅಲ್ಲೇ ಕೂತು ಪತ್ರ ಬರೆಸಿ ಕಳಿಸಿದರು. ತುಳು ಎಂಬ ಭಾಷೆ ಉಂಟೆಂದು ವಿವರಿಸಲು ಅವರಿಗೆ ಒಂದು ಪ್ಯಾರಾ ಬೇಕಾಯಿತು.

ವಾಪಸು ಬರುವಾಗ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಹುಡುಗ ಹುಡುಗಿಯರು ದೊಡ್ಡ ದೊಡ್ಡ ಚೀಲ ಹೊತ್ತು ಬಸ್ಸು ಹತ್ತಿದರು, ಪರೀಕ್ಷೆ ಮುಗಿಸಿ ಊರಿಗೆ ಹೊರಟವರು. ನನಗೆ ನಗು ಬಂತು. ಅಳು ಬರಬೇಕಾಗಿತ್ತು, ಆದರೆ ಬಂದದ್ದು ನಗು, ಅದೂ ಬೆಳ್ಮಣ್ಣು ಬರುವಷ್ಟರಲ್ಲಿ ಆರಿಹೋಯಿತು. ಪಡುಬಿದ್ರಿಯಲ್ಲಿ ಇಳಿದು ಅಣ್ಣನ ಅಂಗಡಿಗೆ ಹೋಗಿ ಇಜ್ಜಿ ಜೀ ಆದ ಕಥೆ ಹೇಳಿದೆ. ಯಾರದೋ ಫೋನಿಗೆ ಗಾಜು ಅಂಟಿಸುತ್ತಿದ್ದವನು ಕೈ ನಿಲ್ಲಿಸಿದ.

"ಇಜ್ಜಿ ಅನ್ನು ಅಂತ ಕಲಿಸಿದ್ದು ನಾನಲ್ವಾ" ಎಂದ.

"ನೋಡದೆ ಕೂತದ್ದು ನಾನು. ಅದೆಲ್ಲ ಬಿಡು. ಅಮ್ಮನಿಗೆ ಮಾತ್ರ ಹೇಳಬೇಡ ಅಣ್ಣ. ದೇವರಾಣೆ ಹೇಳಬೇಡ."

ಹೇಳುವುದಿಲ್ಲ ಎಂದು ತಲೆ ಮುಟ್ಟಿಕೊಂಡ.

ಜೂನ್ ಬಂತು. ಮಳೆ ಬಂತು. ಎರಡು ತಿಂಗಳು ಬೋಟು ಕಡಲಿಗೆ ಇಳಿಯುವಂತಿಲ್ಲ, ಅಪ್ಪ ಮನೆಯಲ್ಲಿ ಬಲೆ ಹರಡಿಕೊಂಡು ಕೂತರು. ನಾನು ಬಾಟಲಿ ನೀರಿಗೆ ಹನಿ ಬಿಡುತ್ತಾ ಕೂತೆ. ಈಗ ದಿನಕ್ಕೆ ಇಪ್ಪತ್ತು ಸಲ ಇಮೇಲ್ ನೋಡಿದೆ. ಬೇಕಾದಾಗ ನೋಡದ ಕಣ್ಣು ಈಗ ಮುಚ್ಚಲು ಒಪ್ಪುತ್ತಿರಲಿಲ್ಲ. ಅಮ್ಮನ ಮೇಲೆ ಸಿಟ್ಟು ಬರುತ್ತದೆಯೋ ಎಂದು ಕಾದೆ, ಬರಲಿಲ್ಲ. ನನ್ನ ಮೇಲೂ ಬರಲಿಲ್ಲ. ಝೀಟಾ ಮಾತ್ರ ಸಂಗತಿ ಕೇಳಿದ ಮೇಲೆ, ಶನಿವಾರದ ಉಪದೇಶ ಮಾಡಿದವಳು ತಾನೆಂಬ ನಾಚಿಕೆಗೆ ಎರಡು ದಿನ ನನ್ನ ಎದುರು ಟಿಫಿನ್ ಡಬ್ಬಿ ತೆರೆಯಲಿಲ್ಲ. ಅವಳನ್ನು ನಾನು ದೂರಿರಲಿಲ್ಲ.

ನಾಲ್ಕನೆಯವರು ಕೊನೆಗೂ ಬಾಯಿ ಬಿಡಲಿಲ್ಲ. ಹದಿನೆಂಟನೇ ತಾರೀಕು ಐದನೆಯವರ ಪತ್ರ ಬಂತು. ಎಲ್ಲ ಸೀಟು ಭರ್ತಿಯಾಗಿವೆ, ವಿಷಾದಿಸುತ್ತೇವೆ, ಮುಂದಿನ ವರ್ಷ ಪುನಃ ಅರ್ಜಿ ಹಾಕಬಹುದು. ಕೆಳಗೆ ಆ ಗುಮಾಸ್ತ ತನ್ನದೇ ಒಂದು ಸಾಲು ಸೇರಿಸಿದ್ದ, ತಾಯಿಯವರಿಗೆ ನನ್ನ ನಮಸ್ಕಾರ ಹೇಳಿ ಎಂದು. ನಾನು ಹೇಳಲಿಲ್ಲ. ಮನೆಗೆ ಬಂದು ಸೀಟು ಸಿಗಲಿಲ್ಲ ಎಂದಷ್ಟೇ ಹೇಳಿದೆ. ಅಪ್ಪ ಬಲೆಯಿಂದ ತಲೆ ಎತ್ತಿ, ಆಯ್ತು, ಇನ್ನೊಂದು ವರ್ಷ ನೋಡುವ ಎಂದರು. ಅಮ್ಮ ಮಾತೇ ಆಡದೆ ಒಳಗೆ ಹೋದಳು. ನನಗೆ ಸ್ವಲ್ಪ ಆಶ್ಚರ್ಯವಾಯಿತು. ಮೊದಲ ಮೂರು ವಿಶ್ವವಿದ್ಯಾಲಯಗಳು ಇಲ್ಲ ಎಂದಾಗ ಅವರ ವಂಶವನ್ನೆಲ್ಲ ಎತ್ತಿ ಜಾಲಾಡಿದವಳು ಅವಳು.

ಅದರ ಮುಂದಿನ ಭಾನುವಾರ ಅಮ್ಮ ಕೊಡೆ ಬಿಟ್ಟು ಹೋಗಿದ್ದಳು. ತೆಗೆದುಕೊಂಡು ಮಾರುಕಟ್ಟೆಗೆ ಹೋದೆ. ಮಳೆಗಾಲದಲ್ಲಿ ಅಲ್ಲಿ ಮೀನೇ ಕಡಿಮೆ. ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಐಸ್ ಹಾಕಿ ಬಂದ ಬಂಗುಡೆ, ಹೊಳೆಯ ನಾಲ್ಕು ಮೀನು, ಅಷ್ಟೇ. ಆದರೂ ಜನ ಕೇಳುವುದು ಬಿಡುವುದಿಲ್ಲ. ಅಂಜಲ್ ಉಂಟಾ, ಕಾಣೆ ಉಂಟಾ, ಬೂತಾಯಿ ಉಂಟಾ. ಮೀನು ಮಾರುವವರು ಜೂನ್ ಜುಲೈ ಪೂರ್ತಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೇಳುವುದು ಒಂದೇ ಮಾತು.

ಅಮ್ಮ ತನ್ನ ಹಲಗೆಯ ಹಿಂದೆ ಕೂತಿದ್ದಳು. ಒಬ್ಬರು ಬಂದು, "ನಳಿನಕ್ಕ, ಅಂಜಲ್ ಉಂಟಾ?" ಎಂದರು. ಅಮ್ಮ ತಲೆ ಆಡಿಸಿದಳು. ಇನ್ನೊಬ್ಬರು ಕಾಣೆ ಕೇಳಿದರು. ಅಮ್ಮ ಕೈ ಮಗುಚಿ ತೋರಿಸಿದಳು. ಕಣ್ಣು ಮಂಜಾದ ಒಬ್ಬಳು ಅಜ್ಜಿ ಬಂದು ಬೂತಾಯಿ ಕೇಳಿದಳು. ಅಮ್ಮ ತಲೆ ಆಡಿಸಿದ್ದು ಅಜ್ಜಿಗೆ ಕಾಣಲಿಲ್ಲ.

"ಉಂಟಾ ಇಲ್ವಾ, ಬಾಯಿ ಬಿಟ್ಟು ಹೇಳು ಮಾರಾಯ್ತಿ!"

ಅಮ್ಮ ಬಾಯಿ ತೆರೆದಳು, ಮುಚ್ಚಿದಳು. ಪಕ್ಕದ ಹಲಗೆಯವಳು ಅಲ್ಲಿಂದಲೇ ಕೂಗಿ ಅಜ್ಜಿಗೆ ಉತ್ತರ ಕೊಟ್ಟಳು. ಮತ್ತೆ ನನ್ನ ಕಡೆ ತಿರುಗಿ, "ನಿನ್ನ ಅಮ್ಮ ಒಂದು ವಾರದಿಂದ ಹೀಗೆಯೇ. ಗಂಟಲು ನೋವಂತೆ. ಡಾಕ್ಟರಿಗಾದ್ರೂ ತೋರಿಸಬಾರದಾ?" ಎಂದಳು.

ಅಮ್ಮನಿಗೆ ಗಂಟಲು ನೋವಿರಲಿಲ್ಲ. ಬೆಳಿಗ್ಗೆ ತಾನೇ ಅಪ್ಪನಿಗೆ ಬಲೆ ಅಂಗಳದಿಂದ ತೆಗೆಯಿರಿ ಎಂದು ಸರಿಯಾಗಿಯೇ ಬೈದಿದ್ದಳು. ಮನೀಶ ಹೇಳಿದ್ದಾನೆ ಎಂದು ನನಗೆ ನಿಂತಲ್ಲೇ ಗೊತ್ತಾಯಿತು. ಮಗಳ ಸೀಟು ಆ ಮಾತಿನಿಂದ ಹೋಯಿತೆಂದು ಅಮ್ಮ ಅದನ್ನು ಆಡುವುದನ್ನೇ ಬಿಟ್ಟಿದ್ದಾಳೆ. ದಿನಕ್ಕೆ ನೂರು ಸಲ ಅದೇ ಮಾತು ಬೇಕಾಗುವ ಈ ತಿಂಗಳಿನಲ್ಲಿ.

ಎಷ್ಟೋ ದಿನದ ಮೇಲೆ ನನಗೆ ನೋವಾಯಿತು. ಎದೆಯ ನಡುವೆ, ಸರಿಯಾಗಿ ನೋವಾಯಿತು.

ನಾನು ಹಲಗೆಯ ಹಿಂದೆ ಹೋಗಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ.

"ಅಮ್ಮ, ಅಣ್ಣ ನಿನಗೆ ಅರ್ಧವೇ ಹೇಳಿದ್ದು. ಸೀಟು ಸೋಮವಾರವೇ ಬಂದಿತ್ತು. ಗುರುವಾರ ಮಧ್ಯಾಹ್ನದವರೆಗೆ ಟೈಮು ಇತ್ತು. ನಾನು ಮೊಬೈಲಿನಲ್ಲಿ ಒಂದು ಒತ್ತು ಒತ್ತಿದ್ರೆ ಆಗ್ತಿತ್ತು. ನಾನು ನೋಡಲೇ ಇಲ್ಲ. ನೋಡಿ ನೋಡಿ ಬೇಜಾರಾಗಿ ಬಿಟ್ಟಿದ್ದೆ."

ಅಮ್ಮ ಬಂಗುಡೆಯ ಮೇಲಿನ ಐಸ್ ಸರಿಸುತ್ತಿದ್ದವಳು ನನ್ನ ಮುಖ ನೋಡಿದಳು.

"ಅವನು ನಿನಗೆ ಫೋನ್ ಮಾಡುವಾಗಲೇ ಸೀಟು ಹೋಗಿ ಆಗಿತ್ತು" ಎಂದೆ. "ಸುಮ್ಮನೆ ಒಂದು ಮಾತು ಹೇಳಿ ಮುಗಿಸಲಿಕ್ಕೆ ಮಾಡಿದ್ದು. ನೀನು ಎಂತ ಹೇಳಿದ್ರೂ ಅಷ್ಟೇ."

ಮೊದಲು ಹೇಳಿದ್ದೆಲ್ಲ ನಿಜ. ಕೊನೆಯದು ಸುಳ್ಳು. ಬೇಕು ಎಂದವರಿಗೆ ಗುಮಾಸ್ತ ಕೊಡುವ ಆ ಎರಡು ದಿನದ ವಿಷಯ ಗುಣಪಾಲ ಸರ್‌ಗೆ ಮತ್ತು ನನಗೆ ಮಾತ್ರ ಗೊತ್ತು, ಅಣ್ಣನಿಗೂ ನಾನು ಅದನ್ನು ಹೇಳಿರಲಿಲ್ಲ.

"ಸೋಮವಾರ ಬಂದದ್ದಾ?" ಎಂದಳು ಅಮ್ಮ.

"ಹೌದು."

"ನಾಲ್ಕು ದಿನ ನೀನು ನೋಡಲಿಲ್ಲ?"

"ನೋಡಲಿಲ್ಲ."

ಅಮ್ಮ ಎದ್ದು ನಿಂತಳು. ಕೈಯಲ್ಲಿದ್ದ ಐಸು ನೆಲಕ್ಕೆ ಬಿತ್ತು.

"ಕತ್ತೆ! ಮೂರು ವರ್ಷ ಕಾರ್ಕಳಕ್ಕೆ ಹೋಗಿ ಇದನ್ನಾ ನೀನು ಕಲಿತದ್ದು? ಇಡೀ ದಿನ ಮೊಬೈಲು ಮೊಬೈಲು ಅಂತ ಸಾಯ್ತಿ, ಬೇಕಾದ ದಿನ ನೋಡ್ಲಿಕ್ಕೆ ನಿನಗೆ ಎಂತ ಬಂದಿತ್ತು ರೋಗ? ಬೆಳಗಾಗುವ ಮೊದಲು ಎದ್ದು ಮಲ್ಪೆಗೆ ಹೋಗುವವಳು ನಾನು, ನನಗೆ ಬೇಜಾರಾಗುದಿಲ್ವಾ? ನಿನ್ನ ಅಪ್ಪನಿಗೆ ಆಗುದಿಲ್ವಾ? ನಿನಗೆ ಮಾತ್ರ ಆಗುದಾ ಬೇಜಾರು?"

ಮಾರುಕಟ್ಟೆಯೆಲ್ಲ ತಿರುಗಿ ನೋಡಿತು. ನಾನು ತಲೆ ತಗ್ಗಿಸಿ ಕೂತೆ. ಅವಳು ಬೈದಳು, ನನ್ನ ಉದಾಸೀನವನ್ನು, ಮನೀಶನ ಮೊಬೈಲ್ ಅಂಗಡಿಯನ್ನು, ಆ ವಿಶ್ವವಿದ್ಯಾಲಯವನ್ನು, ಹಿಂದಿಯವನನ್ನು, ಅವನ ಕಚೇರಿಯನ್ನು. ಒಂದು ವಾರದಿಂದ ಒಳಗೆ ಇಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಅಷ್ಟರಲ್ಲಿ ರೈನ್‌ಕೋಟ್ ಹಾಕಿದ ಒಬ್ಬ ಮನುಷ್ಯ, ಇಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದವನು, ಹಲಗೆಯ ಮುಂದೆ ಬಂದು ನಿಂತು, ಅಕ್ಕ ಬೂತಾಯಿ ಉಂಟಾ ಎಂದು ಕೇಳಿದ.

"ಇಜ್ಜಿ!" ಎಂದಳು ಅಮ್ಮ, ಅದೇ ಸಿಟ್ಟಿನಲ್ಲಿ, ಅದೇ ಸ್ವರದಲ್ಲಿ.

ಅವನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಹೋದ. ನಾನು ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು, ಮೀನು ಮಾರುಕಟ್ಟೆಯ ನಡುವೆ, ಏಪ್ರಿಲ್‌ನಿಂದ ಬಾಕಿಯಿದ್ದ ಅಳುವನ್ನೆಲ್ಲ ಅತ್ತೆ.